‘ಬೆಲ್‌ವೆದರ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಮೇಲಿನ ಲೇಖನದ ಅನುವಾದ ಇಂದು ರಾತ್ರಿಯೇ ಪುಟಕ್ಕೆ ಹೋಗಬೇಕು. ಮಿಸೌರಿ, ಒಹಾಯೊಗಳನ್ನು ‘ಬೆಲ್‌ವೆದರ್’ ರಾಜ್ಯಗಳು, ಅಂದರೆ ದೇಶದಲ್ಲಿ ಗೆಲ್ಲುವವರನ್ನೇ ಆರಿಸುತ್ತ ಬಂದ ರಾಜ್ಯಗಳು, ಎಂದಿದ್ದಾರೆ. ‘ದಿಕ್ಸೂಚಿ ರಾಜ್ಯ’ ಎಂದು ಹಾಕಿದ್ದೇನೆ, ಸಮಾಧಾನವಿಲ್ಲ. ನಕ್ಷೆಯ ಮೇಲೂ ಬರಬೇಕು, ಎರಡು ಪದ ಮೀರುವಂತಿಲ್ಲ. ಲೇಖಕರು ಕುರಿಹಿಂಡಿನ ಹೋಲಿಕೆಯನ್ನೂ ಎಳೆದಿದ್ದಾರೆ, ಮೂಲಾರ್ಥವೂ ಬೇಕು.

ಉತ್ತರ 1: ‘ವೆದರ್’ ಇಲ್ಲಿ ಹವಾಮಾನವಲ್ಲ, ಇಂಗ್ಲಿಷಿನಲ್ಲಿ ಕಾಗುಣಿತವೇ ಬೇರೆ. ಬೀಜ ಒಡೆದ ಟಗರು ಅದು. ಕೊರಳಿಗೆ ಗಂಟೆ ಕಟ್ಟಿ ಹಿಂಡಿನ ಮುಂದೆ ಬಿಡುತ್ತಿದ್ದರು. ಬೀಜ ಒಡೆಯದ ಟಗರು ಬೆದೆಗೆ ಬಂದ ಕುರಿಯ ಬೆನ್ನು ಹತ್ತುತ್ತದೆ, ಇನ್ನೊಂದು ಟಗರು ಕಂಡರೆ ಹಾಯಲು ಹೋಗುತ್ತದೆ. ಒಡೆದದ್ದು ಸೌಮ್ಯ, ಕುರಿಗಾಹಿಯ ಕೂಗಿಗೆ ಪಳಗುತ್ತದೆ. ಹಿಂಡು ಗುಡ್ಡದ ಮರೆಗೆ ಸರಿದರೂ ಗಂಟೆಯ ಸದ್ದಿನಿಂದ ಜಾಗ ತಿಳಿಯುತ್ತದೆ. ‘ಗಂಟೆ ಟಗರು’ ಎನ್ನಿ. ‘ನಾಯಕ ಟಗರು’ ಬೇಡ, ಕಾಳಗದ ಟಗರು ಎಂದುಕೊಳ್ಳುತ್ತಾರೆ.

‘ದಿಕ್ಸೂಚಿ’ ಮುಂದಾಗುವುದನ್ನು ತೋರಿಸುತ್ತದೆ, ಉಪಚುನಾವಣೆಗೆ ಹೊಂದುತ್ತದೆ. ಮಿಸೌರಿ ಉಳಿದವರ ಜೊತೆಗೇ ಮತ ಹಾಕುತ್ತದೆ. 1904ರಿಂದ 2004ರವರೆಗಿನ 26 ಚುನಾವಣೆಗಳಲ್ಲಿ 1956 ಒಂದನ್ನು ಬಿಟ್ಟು ಗೆದ್ದವರನ್ನೇ ಆರಿಸಿತು. ಒಹಾಯೊ 1964ರಿಂದ 2016ರವರೆಗೆ ಒಮ್ಮೆಯೂ ತಪ್ಪಲಿಲ್ಲ, 2020ರಲ್ಲಿ ತಪ್ಪಿತು. ಅವು ದೇಶದ ತೀರ್ಪಿಗೆ ಕನ್ನಡಿ ಹಿಡಿದ ರಾಜ್ಯಗಳು. ‘ಕನ್ನಡಿ ರಾಜ್ಯ’ ಎನ್ನಬಹುದು.

ಉತ್ತರ 2: ಆ ಎರಡು ಪದಗಳೂ ಬೇಡ. ಮುನ್ + ಕುರಿ = ಮುಂಗುರಿ. ಅಚ್ಚಗನ್ನಡ, ಒಂದೇ ಪದ, ಎರಡೂ ಅರ್ಥಕ್ಕೆ ಸಲ್ಲುತ್ತದೆ.

ಉತ್ತರ 3: ಸಲ್ಲುವುದಿಲ್ಲ. ಓದುವವರು ಮುನ್ + ಗುರಿ ಎಂದೇ ಬಿಡಿಸುತ್ತಾರೆ. ಅಂದ ಹಾಗೆ ‘ವೆದರ್’ಗೂ ನಮ್ಮ ‘ವತ್ಸ’ಕ್ಕೂ ಮೂಲ ಒಂದೇ, ‘ವರ್ಷ’ ಎಂಬ ಅರ್ಥದ ಧಾತು. ‘ವತ್ಸರ’ವೂ ಅಲ್ಲಿಂದಲೇ. ವರ್ಷ ತುಂಬಿದ ಮರಿ ಎಂದು ಅರ್ಥ. ಹೀಗಿರುವಾಗ ಸಂಸ್ಕೃತವನ್ನು ದೂರವಿಡುವ ಹಟ ಯಾಕೆ?

ಉತ್ತರ 2: ವತ್ಸ ಇಂಗ್ಲಿಷಿನ ನೆಂಟ, ನಮ್ಮದಲ್ಲ. ನಮ್ಮ ಟಗರು ಹಳಗನ್ನಡದ ‘ತಗರ್’, ತಮಿಳಿನಲ್ಲೂ ‘ತಗರ್’. ನೆಂಟಸ್ತಿಕೆ ಬೇರೆ, ಎರವಲು ಬೇರೆ. ಇವೆರಡನ್ನು ಕಲಸಬೇಡಿ.

ಉತ್ತರ 1: ‘ಗಂಟೆ’ಯೂ ಸಂಸ್ಕೃತದ ‘ಘಂಟಾ’ದಿಂದ ಬಂದದ್ದು. ಅದನ್ನೂ ಬಿಡುತ್ತೀರಾ? ಊರಿಗೆಲ್ಲ ಗೊತ್ತಿರುವ ಪದ ಎಲ್ಲಿಂದ ಬಂದರೂ ಕನ್ನಡವೇ.

ಉತ್ತರ 3: ‘ಕನ್ನಡಿ ರಾಜ್ಯ’ದಲ್ಲೂ ತೊಡಕಿದೆ. ನಕ್ಷೆಯ ಸಣ್ಣ ಅಕ್ಷರದಲ್ಲಿ ಒಂದು ಗುಡಿಸು ಕಣ್ತಪ್ಪಿದರೆ ‘ಕನ್ನಡ ರಾಜ್ಯ’ ಆಗುತ್ತದೆ. ‘ಕೈಗನ್ನಡಿ’ ಎಂದರೆ ಆ ಭಯವಿಲ್ಲ, ಲಾಕ್ಷಣಿಕ ಬಳಕೆಯೂ ರೂಢಿಯಲ್ಲಿದೆ. ಇದನ್ನು ಷೇರುಪೇಟೆಗೆ ಮಾತ್ರ ಒಯ್ಯಬೇಡಿ, ಅಲ್ಲಿ ‘ಮುಂಚೂಣಿ ಷೇರು’ ಸರಿ. ನಮ್ಮಲ್ಲಿ ಗದಗ ಜಿಲ್ಲೆಯ ಕ್ಷೇತ್ರದ ಬಗ್ಗೆ ‘ಶಿರಹಟ್ಟಿ ಗೆದ್ದ ಪಕ್ಷಕ್ಕೇ ಅಧಿಕಾರ’ ಎಂದು ಬಿಡಿಸಿಯೇ ಹೇಳುತ್ತಿದ್ದರು. ಆದರೆ 2023ರಲ್ಲಿ ಅಲ್ಲಿ ಬಿಜೆಪಿ ಗೆದ್ದು, ಸರ್ಕಾರ ಕಾಂಗ್ರೆಸ್ಸಿನದಾಯಿತು. ಲೇಖನದ ಒಡಲಲ್ಲಿ ಹಾಗೆ ಬಿಡಿಸಿ ಬರೆಯುವುದೇ ಒಳ್ಳೆಯದು.

ಕೇಳಿದವರು: ನಕ್ಷೆಗೆ ‘ಕೈಗನ್ನಡಿ ರಾಜ್ಯ’, ಹೋಲಿಕೆ ಬರುವಲ್ಲಿ ‘ಗಂಟೆ ಟಗರು’. ಕಳಿಸುತ್ತಿದ್ದೇನೆ. ಎಲ್ಲರಿಗೂ ವಂದನೆ.

ಉತ್ತರ 2: ‘ರಾಜ್ಯ’ ಯಾಕೆ? ‘ನಾಡು’ ಇದೆಯಲ್ಲ.