‘ನೋಡುವವನು’ ಯಾರು? ಅನಾತ್ಮ ಮತ್ತು ಸಾಕ್ಷಿಯ ಬಗ್ಗೆ

ಪ್ರಶ್ನೆ: ಧ್ಯಾನಕ್ಕೆ ಕೂತಾಗ ಯೋಚನೆ, ನೋವು, ಸಿಟ್ಟು ಬಂದು ಹೋಗುವುದು ಕಾಣುತ್ತದೆ. ಅವು ‘ನಾನು’ ಅಲ್ಲ ಎಂಬುದು ಒಪ್ಪಿಗೆ. ಆದರೆ ಅವನ್ನೆಲ್ಲ ನೋಡುವವನೊಬ್ಬ ಬೇಕಲ್ಲ? ಬೌದ್ಧರ ಅನಾತ್ಮವಾದ (ಶಾಶ್ವತವಾದ ‘ನಾನು’ ಯಾವುದರಲ್ಲೂ ಸಿಗದು ಎಂಬುದು) ಹೇಳುವಂತೆ ಅವನೂ ಇಲ್ಲ ಎಂದರೆ ಗೊತ್ತಾಗುವುದು ಯಾರಿಗೆ? ಬಲ್ಲವರು ಬಿಡಿಸಿ ಹೇಳಿ.

ಉತ್ತರ: ಮೋಳಿಯ ಫಗ್ಗುನ ಎಂಬ ಭಿಕ್ಷು ಬುದ್ಧನನ್ನು ಹೆಚ್ಚುಕಡಿಮೆ ಇದನ್ನೇ ಕೇಳಿದ್ದ: ‘ಅನುಭವಿಸುವವರು ಯಾರು?’ ಪ್ರಶ್ನೆಯೇ ಸರಿಯಿಲ್ಲ, ‘ಯಾವುದರ ಕಾರಣದಿಂದ ವೇದನೆ (ಹಿತ-ಅಹಿತದ ಅನುಭವ) ಉಂಟಾಗುತ್ತದೆ’ ಎಂದು ಕೇಳಬೇಕು ಎಂದ ಬುದ್ಧ. ‘ಯಾರು’ ಎಂದ ಕೂಡಲೇ ಒಬ್ಬ ವ್ಯಕ್ತಿಯನ್ನು ಮೊದಲೇ ಒಪ್ಪಿಕೊಂಡಂತಾಯಿತು. ಕಾರಣ ಕೇಳಿದರೆ ಉತ್ತರ ಸಿಗುತ್ತದೆ: ಕಣ್ಣು, ರೂಪ, ಚಕ್ಷುರ್ವಿಜ್ಞಾನ (ಕಣ್ಣಿನ ಮೂಲಕ ಹುಟ್ಟುವ ಅರಿವು) ಮೂರೂ ಕೂಡಿದರೆ ಸ್ಪರ್ಶ, ಸ್ಪರ್ಶದಿಂದ ವೇದನೆ. ಸಾತಿ ಎಂಬ ಇನ್ನೊಬ್ಬ ಭಿಕ್ಷು ‘ಒಂದೇ ವಿಜ್ಞಾನ (ಅರಿವು) ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ’ ಎಂದಾಗ ಬುದ್ಧ ಅವನನ್ನು ಕಟುವಾಗಿಯೇ ತಿದ್ದಿದ. ಕಟ್ಟಿಗೆಯಿಂದ ಹೊತ್ತಿದ್ದು ಕಟ್ಟಿಗೆಯ ಬೆಂಕಿ, ಹುಲ್ಲಿನಿಂದ ಹೊತ್ತಿದ್ದು ಹುಲ್ಲಿನ ಬೆಂಕಿ. ವಿಜ್ಞಾನವೂ ಹಾಗೆ, ಯಾವ ಕಾರಣದಿಂದ ಹುಟ್ಟಿತೋ ಅದೇ ಅದರ ಹೆಸರು.

ಕೂತಾಗ ಹೀಗೆ ಮಾಡಿ. ಮನಸ್ಸು ಒಂದಿಷ್ಟು ನಿಂತ ಮೇಲೆ ಶಬ್ದವನ್ನು ತೆಗೆದುಕೊಳ್ಳಿ. ಅದರ ಮೊದಲು, ಕೊನೆ ಎರಡೂ ಸುಲಭವಾಗಿ ತಿಳಿಯುತ್ತವೆ. ಮೊದಲು ಶಬ್ದ, ಆಮೇಲೆ ‘ಕೇಳಿಸುತ್ತಿದೆ’ ಎಂಬ ಅರಿವು. ಅಷ್ಟರಲ್ಲಿ ‘ನಾನು ನೋಡುತ್ತಿದ್ದೇನೆ’ ಎಂಬ ಭಾವ ಬರುತ್ತದೆ. ಅದು ಯಾರದು ಎಂದು ಹುಡುಕಬೇಡಿ, ಯಾವುದರಿಂದ ಆಗಿದೆ ನೋಡಿ. ಬಹಳ ಸಲ ಕಣ್ಣಿನ ಹಿಂದೆ ಒಂದು ಬಿಗಿತ ಇರುತ್ತದೆ, ಅದು ರೂಪ, ಅಂದರೆ ದೇಹದ ಭಾಗ. ಅದರ ಹಿತ-ಅಹಿತ ವೇದನೆ. ‘ಇದು ನಾನು’ ಎಂಬ ಗುರುತು ಸಂಜ್ಞೆ. ಗಮನ ಹಿಡಿದಿಡುವ ಪ್ರಯತ್ನ ಸಂಸ್ಕಾರ. ಇವನ್ನೆಲ್ಲ ತಿಳಿಯುವುದು ವಿಜ್ಞಾನ. ‘ನಾನು’ ಎನ್ನುವುದು ಈ ಐದರ ಕೂಟ; ಇವನ್ನೇ ಐದು ಸ್ಕಂಧಗಳು ಎನ್ನುತ್ತಾರೆ.

ತಪ್ಪುವುದು ಇಲ್ಲಿಯೇ. ‘ಇದನ್ನೂ ನೋಡಿದವನು ಯಾರು’ ಎಂದು ಹಿಂದೆ ಇನ್ನೊಬ್ಬನನ್ನು ನಿಲ್ಲಿಸುತ್ತೇವೆ, ಅವನ ಹಿಂದೆ ಮತ್ತೊಬ್ಬ, ಕೊನೆಯೇ ಇಲ್ಲ. ಬದಲಿಗೆ ಪರೀಕ್ಷಿಸಬೇಕಾದದ್ದು ಇದು: ಶಬ್ದವನ್ನು ಅರಿತ ಚಿತ್ತ, ಬಿಗಿತವನ್ನು ಅರಿಯುವಾಗ ಇನ್ನೂ ಇತ್ತೇ? ಬುದ್ಧಘೋಷನ ಧ್ಯಾನಗ್ರಂಥ ವಿಶುದ್ಧಿಮಗ್ಗದಲ್ಲಿ ಬರುವ ಭಂಗಜ್ಞಾನದ (ಎಲ್ಲವೂ ಅಳಿಯುವುದನ್ನು ಕಾಣುವ ಅರಿವಿನ) ವಿವರಣೆ ಇದನ್ನೇ ಹೇಳುತ್ತದೆ: ವಿಷಯ ಅಳಿದದ್ದನ್ನು ಕಂಡ ಚಿತ್ತವೂ ಅಳಿಯಿತು ಎಂಬುದನ್ನು ಅದರ ನಂತರದ ಚಿತ್ತ ಕಾಣುತ್ತದೆ. ಸರಪಣಿಯ ತುದಿಯಲ್ಲಿ ಕೂರಲು ಯಾರೂ ಬೇಕಾಗಿಲ್ಲ.

ಮರುಪ್ರಶ್ನೆ: ಸರ್, ಅದ್ವೈತ ಹೇಳುವ ಸಾಕ್ಷಿ, ಎಲ್ಲವನ್ನೂ ಅರಿಯುವ ಆತ್ಮ, ಎಂದೂ ವಿಷಯವಾಗುವುದಿಲ್ಲವಲ್ಲ? ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಹುದೇ?

ಉತ್ತರ: ನ್ಯಾಯವಾದ ಆಕ್ಷೇಪ. ಸಿಗಲಿಲ್ಲ ಎಂಬುದರಿಂದ ಸಾಕ್ಷಿಯ ವಾದ ಬೀಳುವುದಿಲ್ಲ. ಬುದ್ಧ ಅನಾತ್ಮವನ್ನು ಬೋಧಿಸಿದ ಅನತ್ತಲಕ್ಖಣ ಸುತ್ತದ ತರ್ಕವೇ ಬೇರೆ. ಐದು ಸ್ಕಂಧಗಳಲ್ಲಿ ಯಾವುದೂ ‘ಹೀಗಿರು’ ಎಂದರೆ ಹಾಗಿರುವುದಿಲ್ಲ; ಅನಿತ್ಯ, ದುಃಖ; ಅಂಥದ್ದನ್ನು ‘ಇದು ನನ್ನದು, ಇದು ನಾನು, ಇದು ನನ್ನ ಆತ್ಮ’ ಎನ್ನುವುದು ತರವೇ? ‘ಸಾಕ್ಷಿಯಾಗಿ ಇದ್ದೇನೆ’ ಎಂಬ ಪ್ರಶಾಂತ ಭಾವಕ್ಕೂ ಇದನ್ನೇ ಹಚ್ಚಿ ನೋಡಿ; ಅನುಭವಕ್ಕೆ ಬರುವ ಆ ಭಾವ ಗಮನ ಸಡಿಲಿದಾಗ ಉಳಿಯುವುದಿಲ್ಲ. ಬೌದ್ಧರಲ್ಲೂ ಒಮ್ಮತವಿಲ್ಲ: ಅರಿವು ತನ್ನನ್ನೂ ಅರಿಯುತ್ತದೆ ಎಂದು ಬೌದ್ಧ ತಾರ್ಕಿಕ ದಿಙ್ನಾಗ ಸ್ವಸಂವೇದನೆಯನ್ನು ಹೇಳಿದರೆ ಮಾಧ್ಯಮಿಕ ದಾರ್ಶನಿಕ ಚಂದ್ರಕೀರ್ತಿ ಖಂಡಿಸಿದ.

ಹಾಗಂತ ‘ಆತ್ಮ ಇಲ್ಲ’ ಎಂಬುದನ್ನು ಸಿದ್ಧಾಂತ ಮಾಡಿಕೊಂಡು ಕೂರಬೇಡಿ. ಸಬ್ಬಾಸವ ಸುತ್ತ ‘ನನಗೆ ಆತ್ಮ ಇದೆ’, ‘ನನಗೆ ಆತ್ಮ ಇಲ್ಲ’ ಎರಡನ್ನೂ ದೃಷ್ಟಿಯ ಗೋಜಲೆಂದೇ ಎಣಿಸುತ್ತದೆ. ಆತ್ಮ ಇದೆಯೇ, ಇಲ್ಲವೇ ಎಂದು ವಚ್ಛಗೊತ್ತ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಸುಮ್ಮನಿದ್ದ.

ಮರುಪ್ರಶ್ನೆ: ಇಷ್ಟೆಲ್ಲ ನೋಡಿದರೂ ‘ನಾನು’ ಹೋಗುವುದಿಲ್ಲ.

ಉತ್ತರ: ಹೋಗಬೇಕಾದ ಹಂತವೂ ಅದಲ್ಲ. ಮುಕ್ತಿಯ ಮೊದಲ ಹಂತ ಮುಟ್ಟಿದ ಸ್ರೋತಾಪನ್ನನಿಗೆ ಸತ್ಕಾಯದೃಷ್ಟಿ, ಸ್ಕಂಧಗಳೇ ಆತ್ಮ ಎಂಬ ನಂಬಿಕೆ, ಕಳಚುತ್ತದೆ. ‘ಇದ್ದೇನೆ’ ಎಂಬ ಅಸ್ಮಿಮಾನ ಪೂರ್ಣ ಮುಕ್ತನಾದ ಅರ್ಹಂತನಲ್ಲಿ ಮಾತ್ರ ಪೂರ್ತಿ ಅಳಿಯುತ್ತದೆ. ಬದಲಿಗೆ ಇದನ್ನು ಗಮನಿಸಿ: ದೇಹ ದೂರವಾದಂತೆ, ಬೇರೆಯವರ ನೋವು ತಟ್ಟದಂತೆ ಆದರೆ ಅದು ಅನಾತ್ಮದ ಅರಿವಲ್ಲ, ಮರಗಟ್ಟುವಿಕೆ. ಕಣ್ಣು ತೆರೆದು ಪಾದ ನೆಲಕ್ಕೆ ತಾಗಿರುವುದಕ್ಕೆ ಗಮನ ತನ್ನಿ, ಕೆಲವು ದಿನ ಮೈತ್ರೀಭಾವನೆ (ಎಲ್ಲರಿಗೂ ಒಳಿತು ಬಯಸುವ ಧ್ಯಾನ) ಮಾಡಿ. ಎದ್ದ ಮೇಲೂ ಹಾಗೇ ಉಳಿದು ಭಯವಾದರೆ ಅಭ್ಯಾಸ ನಿಲ್ಲಿಸಿ, ಗುರುಗಳಿಗೂ ವೈದ್ಯರಿಗೂ ಹೇಳಿ.