ಸಕ್ಕರೆ ಬಿಟ್ರೆ ಪ್ಯಾಂಕ್ರಿಯಾಸ್ ಗಡ್ಡೆ ನಿಲ್ತದಾ?

ಮಲ್ಪೆಯಿಂದ: ಮಾವನಿಗೆ ಪ್ಯಾಂಕ್ರಿಯಾಸ್ (ಜೀರ್ಣರಸ, ಇನ್ಸುಲಿನ್ ಮಾಡುವ ಗ್ರಂಥಿ) ಕ್ಯಾನ್ಸರ್ ಮಾರಾಯ್ರೆ, ಪ್ಯಾಂಟು ಸೊಂಟದಲ್ಲಿ ನಿಲ್ಲುದಿಲ್ಲ ಅಷ್ಟು ಇಳಿದಿದ್ದಾರೆ, ನೆಂಟರು ನೋಡಿದ್ರೆ ಚಾಯಕ್ಕೆ ಬೆಲ್ಲ ಕೂಡ ಹಾಕ್ಬೇಡಿ ಅಂತಾರೆ. ಸಕ್ಕರೆ ನಿಲ್ಸಿದ್ರೆ ಗಡ್ಡೆ ಸಾಯ್ತದಾ?

ಉತ್ತರ 1: ಇಲ್ಲ. ಈ ಕ್ಯಾನ್ಸರ್ ಇರೋ 90%ಗಿಂತ ಹೆಚ್ಚು ಜನರಿಗೆ ಗಡ್ಡೆಯ ಕೋಶದಲ್ಲಿ ಕೆಆರ್‌ಎಎಸ್ ಅನ್ನೋ ಜೀನ್ ಕೆಟ್ಟಿರ್ತದೆ, ಅದು ಆಫ್ ಆಗದ ಸ್ವಿಚ್ ತರ, ಗ್ಲೂಕೋಸ್ ಎಳಿ ಎಳಿ ಅಂತ ಕೋಶಕ್ಕೆ ಹೇಳ್ತಾನೇ ಇರ್ತದೆ. ಆದ್ರೆ ಗ್ಲೂಕೋಸ್ ಕಮ್ಮಿ ಆದ್ರೆ ಆ ಕೋಶ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ ಬಳಸ್ತದೆ, ಹೊರಗಿನ ಪ್ರೋಟೀನ್ ನುಂಗ್ತದೆ, ತನ್ನದೇ ಹಳೇ ಭಾಗ ಕರಗಿಸಿಯೂ ಬೆಳೀತದೆ. ಉಪವಾಸ ಹಾಕಿದ್ರೆ ಸೊರಗುದು ಮಾವನೇ.

ಉತ್ತರ 2: ಅಮ್ಮನಿಗೂ ಹೀಗೇ ಆಗಿತ್ತು. ಮಲದಲ್ಲಿ ಎಣ್ಣೆ ತೇಲ್ತಿದ್ರೆ ಡಾಕ್ಟರತ್ರ ಜೀರ್ಣಕ್ಕೆ ಎಂಜೈಮ್ ಮಾತ್ರೆ ಕೇಳಿ, ಊಟದ ಜೊತೆಗೇ ತಗೊಳ್ಳುದು. ಶುಗರ್ ಕೂಡ ಚೆಕ್ ಮಾಡ್ಸಿ.

ಮಲ್ಪೆಯಿಂದ: ಉಪಕಾರ ಆಯ್ತು. ಇವತ್ತು ಗಂಜಿ, ಮೀನು ಕೊಡ್ತೇನೆ.