ಮರಳದೆ ಮುಂದಕ್ಕೆ ಸಾಗುವ ಮುಯ್ಯಿಗೆ ಏನೆನ್ನಬೇಕು?

ನಾಯಿಗಳು ಒಂದಕ್ಕೊಂದು ನೆರವಾಗುವ ಬಗೆಯನ್ನು ಕುರಿತು ಶಿರಸಿಯ ಪ್ರೌಢಶಾಲಾ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಎರಡು ಪರಿಕಲ್ಪನೆಗಳಲ್ಲಿ ಒಂದಕ್ಕೆ ಮಾತ್ರ ತಕ್ಕ ಪದ ದೊರೆತಿದೆ.

ಮೊದಲನೆಯದು, ನನಗೆ ನೆರವಾದವರಿಗೇ ಮುಂದೊಮ್ಮೆ ನಾನು ನೆರವಾಗುವುದು. ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಜೀವವಿಕಾಸದ ನೆಲೆಯಿಂದ ವಿವರಿಸಿದ ಈ ನಡವಳಿಕೆಗೆ ‘ಪರಸ್ಪರ ಸಹಕಾರ’ ಎಂದು ಬರೆದರೆ ಇಬ್ಬರೂ ಒಟ್ಟಿಗೇ ಮಾಡಿದ ಕೆಲಸವೆಂಬ ಅರ್ಥ ಬಂದು, ಕೊಡುವುದಕ್ಕೂ ಮರಳಿಸುವುದಕ್ಕೂ ನಡುವಿನ ಕಾಲದ ಅಂತರ ಮರೆಯಾಗುತ್ತದೆ. ಇಂದು ನಿಮ್ಮ ತೋಟದಲ್ಲಿ ನಾನು ದುಡಿದರೆ ನಾಳೆ ನನ್ನ ತೋಟಕ್ಕೆ ನೀವು ಬರುವ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ‘ಮುಯ್ಯಿ’ ಎಂದರೆ ಸಾಕು. ಈ ಪದ ಸೇಡಿಗೂ ಸಲ್ಲುವುದು ನಿಜವಾದರೂ, ಮದುವೆಮನೆಯ ಮುಯ್ಯಿಯನ್ನು ಯಾರೂ ಸೇಡೆಂದು ತಿಳಿಯುವುದಿಲ್ಲ.

ತೊಡಕಿರುವುದು ಎರಡನೆಯದರಲ್ಲಿ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಟ್ಟೆಯನ್ನು ಎಳೆದು ಜೊತೆಗಾರ ನಾಯಿಗೆ ತಿನಿಸು ಒದಗಿಸುವಂತೆ ಪಳಗಿದ ನಾಯಿಗಳು, ತಮಗೆ ಬೇರೊಂದು ನಾಯಿಯಿಂದ ನೆರವು ಸಿಕ್ಕಿದ ಬಳಿಕ ಹೆಚ್ಚು ಸಲ ನೆರವಾದವು; ಆದರೆ ಹಾಗೆ ನೆರವಾಗುವಾಗ, ಹಿಂದೆ ತಮಗೆ ಉಪಕರಿಸಿದ ನಾಯಿಗೂ ಪೂರ್ತಿ ಅಪರಿಚಿತ ನಾಯಿಗೂ ಭೇದವೆಣಿಸಲಿಲ್ಲ. ‘ಯಾರಾದರೂ ನೆರವಾಗಿದ್ದರೆ ಯಾರಿಗಾದರೂ ನೆರವಾಗು’ ಎಂಬ ಈ ಸೂತ್ರಕ್ಕೆ ‘ಪ್ರತ್ಯುಪಕಾರ’ ಹೊಂದುವುದಿಲ್ಲ, ಏಕೆಂದರೆ ಉಪಕಾರವು ಮೊದಲು ಮಾಡಿದವರಿಗೇ ಮರಳಬೇಕೆಂಬುದು ಆ ಪದದಲ್ಲೇ ಅಡಕವಾಗಿದೆ.

‘ಋಣ’, ‘ನಿಯತ್ತು’ ಎಂಬ ಪದಗಳು ನಾಯಿಯ ವಿಷಯದಲ್ಲಿ ತಾವಾಗಿಯೇ ಬಾಯಿಗೆ ಬರುತ್ತವೆ. ಆದರೆ ವಿಯೆನ್ನಾದ ಸಂಶೋಧಕರು 2021ರಲ್ಲಿ ವರದಿ ಮಾಡಿದಂತೆ, ಗುಂಡಿಯೊತ್ತಿ ತಿನಿಸು ಕೊಟ್ಟ ಮನುಷ್ಯರಿಗೂ ಕೊಡದವರಿಗೂ ನಾಯಿಗಳು ತಮ್ಮ ಸರದಿ ಬಂದಾಗ ವ್ಯತ್ಯಾಸ ತೋರಲಿಲ್ಲ. ಆದುದರಿಂದ ಆ ಪದಗಳು ಪ್ರಯೋಗವು ಹೇಳದ ಭಾವವನ್ನು ನಾಯಿಯ ಮೇಲೆ ಹೊರಿಸುತ್ತವೆಂಬುದು ನನ್ನ ಎಣಿಕೆ. ನಾಯಿಯನ್ನು ಪ್ರೀತಿಸುವವರೇ ಇದರಲ್ಲಿ ಹೆಚ್ಚು ಎಚ್ಚರ ವಹಿಸಬೇಕು.

‘ಸಾಗುಮುಯ್ಯಿ’ ಎಂಬ ಜೋಡುಪದ ನನಗೆ ಹೊಳೆದಿದೆ. ಮರಳದೆ ಇರುವುದನ್ನು ಮುಯ್ಯಿ ಎನ್ನಬಹುದೇ? ಒಬ್ಬರಿಂದ ಪಡೆದ ನೆರವನ್ನು ಮತ್ತೊಬ್ಬರಿಗೆ ಸಲ್ಲಿಸುವುದಕ್ಕೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಬೇಸಾಯಗಾರರಲ್ಲಾಗಲಿ ಮೀನುಗಾರರಲ್ಲಾಗಲಿ ಬಳಕೆಯ ಮಾತಿದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆಂಬ ವಿವರದೊಡನೆ ತಿಳಿಸಬೇಕೆಂದು ಬಲ್ಲವರಲ್ಲಿ ಕೋರುತ್ತೇನೆ.